ಹಿತ್ತಲಿನ ಸಹಿ ಜೇಡ: ಒಂದೇ ಜೇಡವನ್ನು ಮಳೆಗಾಲದಿಂದ ಚಳಿಗಾಲದವರೆಗೆ ನೋಡುವುದು ಹೇಗೆ

ಜುಲೈ ಕಳೆದು ಆಗಸ್ಟ್ ಬಂದ ಮೇಲೆ ಒಂದು ಬೆಳಗ್ಗೆ ಹಿತ್ತಲಿಗೆ ಹೋಗಿ ನಿಲ್ಲಿ. ದಾಸವಾಳ, ಕ್ರೋಟನ್, ಕರಿಬೇವು, ಬೇಲಿ ಪಕ್ಕದ ಎತ್ತರದ ಹುಲ್ಲು, ಇವುಗಳ ಸಂದಿಯಲ್ಲಿ ಕಣ್ಣಾಡಿಸಿ. ಮೊಣಕಾಲಿನಿಂದ ಎದೆಯೆತ್ತರದವರೆಗೆ ನೋಡಿದರೆ ಸಾಕು. ಬಲೆಯ ನಟ್ಟನಡುವೆ ತಲೆ ಕೆಳಗೆ ಮಾಡಿ, ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರದ ಗುರುತಿನ ಹಾಗೆ ಕೂತ ಒಂದು ಜೇಡ ಕಾಣಬಹುದು. ಕಾಲಿನ ತುದಿಯಿಂದ ಮುಂದಕ್ಕೆ ದಪ್ಪ ಬಿಳಿ ದಾರದಲ್ಲಿ ಅಂಕುಡೊಂಕಾಗಿ ಏನೋ ಗೀಚಿರುತ್ತದೆ. ಅವಸರದಲ್ಲಿ ಚೆಕ್ಕಿಗೆ ರುಜು ಹಾಕಿದ ಹಾಗೆ. ಅದಕ್ಕೇ ಇಂಗ್ಲಿಷಿನವರು ಇದನ್ನು ಸಿಗ್ನೇಚರ್ ಸ್ಪೈಡರ್ ಅನ್ನುತ್ತಾರೆ. ನಾವು ಸಹಿ ಜೇಡ ಅನ್ನೋಣ.

ಇದರ ಕುಲದ ಹೆಸರು ಆರ್ಜಿಯೋಪೆ. ನಮ್ಮ ಹಿತ್ತಲುಗಳಲ್ಲಿ ಹೆಚ್ಚಾಗಿ ಕಾಣುವುದು ಆರ್ಜಿಯೋಪೆ ಅನಸೂಯಾ ಮತ್ತು ಆರ್ಜಿಯೋಪೆ ಪುಲ್ಚೆಲ್ಲಾ. ಎರಡಕ್ಕೂ ಹೆಸರಿಟ್ಟವರು ಸ್ವೀಡನ್ನಿನ ಥೊರೆಲ್. ಪುಲ್ಚೆಲ್ಲಾಗೆ 1881ರಲ್ಲಿ, ಅನಸೂಯಾಗೆ 1887ರಲ್ಲಿ. ಅಷ್ಟು ದೂರದ ಊರಿನವರು ಇಟ್ಟ ಹೆಸರು ಕೇಳಿದರೆ ನಮ್ಮ ಮನೆಮಗಳನ್ನು ಕರೆದ ಹಾಗಿದೆ. ಎರಡೂ ನೋಡಲು ಒಂದೇ ಥರ. ಬರಿಗಣ್ಣಿಗೆ ಗುರುತು ಹಿಡಿಯುವುದು ಕಷ್ಟ. ನಾವು ಮಾಡಲು ಹೊರಟ ಕೆಲಸಕ್ಕೆ ಯಾವುದಾದರೂ ನಡೆಯುತ್ತದೆ.

ಕೆಲಸ ಇಷ್ಟೇ. ಒಂದು ಜೇಡವನ್ನು ಆರಿಸಿಕೊಳ್ಳಿ, ಅದನ್ನು ಬಿಡಬೇಡಿ. ಹತ್ತು ಜೇಡಗಳ ಫೋಟೋ ತೆಗೆದರೆ ಹತ್ತು ಫೋಟೋ ಸಿಗುತ್ತದೆ. ಒಂದೇ ಜೇಡವನ್ನು ಮೂರು ತಿಂಗಳು ದಿನಕ್ಕೆ ಹತ್ತು ನಿಮಿಷ ನೋಡಿದರೆ ಒಂದು ಬದುಕು ಪೂರ್ತಿ ಸಿಗುತ್ತದೆ. ಇದರ ಆಯಸ್ಸೇ ಒಂದು ವರ್ಷದೊಳಗೆ. ಹಾಗಾಗಿ ಬೇಗ ಬೇಗ ಬೆಳೆಯುತ್ತದೆ, ಬೇಗ ಬೇಗ ಬದಲಾಗುತ್ತದೆ. ನೋಡುವವರಿಗೆ ಬೇಸರ ಆಗುವುದಿಲ್ಲ.

ಮೊದಲ ಹೆಜ್ಜೆ: ಮನೆಯವರಿಗೆ ಹೇಳಿ

ಇದನ್ನೇ ಮೊದಲು ಹೇಳುವುದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ನಮ್ಮ ದಾಸವಾಳದಲ್ಲಿ ಒಂದು ಹೆಣ್ಣು ಜೇಡವನ್ನು ಐದು ವಾರ ನೋಡಿದ್ದೆ. ದಿನದಿನಕ್ಕೂ ಹೊಟ್ಟೆ ದಪ್ಪ ಆಗುತ್ತಿತ್ತು. ಇನ್ನೇನು ಮೊಟ್ಟೆ ಇಡುತ್ತದೆ ಅನ್ನುವಾಗ ದೀಪಾವಳಿ ಬಂತು. ಮನೆ ಗುಡಿಸಿ, ಅಂಗಳ ಗುಡಿಸಿ, ಬಲೆಯನ್ನೂ ಪೊರಕೆಯಲ್ಲಿ ಸುತ್ತಿ ತೆಗೆದಿದ್ದರು. ಗುಡಿಸಿದವರದು ತಪ್ಪಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಆ ಸಂಜೆ ಗಿಡದ ಬುಡದಲ್ಲಿ ಟಾರ್ಚ್ ಹಿಡಿದು ಹುಡುಕಿದೆ, ಸಿಗಲಿಲ್ಲ. ಅದಾದ ಮೇಲೆ ಬಲೆ ಇರುವ ಕೊಂಬೆಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟುತ್ತೇನೆ. ಕೆಂಪು ಬಟ್ಟೆ ಕಂಡರೆ ಪೊರಕೆ ಬೇಡ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ನೀವೂ ಹಾಗೇ ಮಾಡಿ.

ಹೇಳುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: "ಜೇಡ ಉಚ್ಚೆ ಹೊಯ್ದರೆ ಮೈಮೇಲೆ ಬೊಬ್ಬೆ ಏಳುತ್ತೆ ಅಲ್ವಾ?" ಇಲ್ಲ. ಜೇಡ ನಮ್ಮ ಹಾಗೆ ಉಚ್ಚೆ ಹೊಯ್ಯುವುದೇ ಇಲ್ಲ. ಅದು ಹಾಕುವುದು ಸುಣ್ಣದ ನೀರಿನಂತಹ ಸಣ್ಣ ಬಿಳಿ ಹನಿ. ಚರ್ಮಕ್ಕೆ ಅದರಿಂದ ಏನೂ ಆಗುವುದಿಲ್ಲ. ಮೈಯ ಒಂದೇ ಬದಿಯಲ್ಲಿ ಪಟ್ಟಿಯಾಗಿ ಏಳುವ ಉರಿಯ ಬೊಬ್ಬೆ ಸಾಮಾನ್ಯವಾಗಿ ಸರ್ಪಸುತ್ತು. ಹಿಂದೆ ಯಾವಾಗಲೋ ಸಿಡುಬು ಥರ ಬಂದು ಹೋದ ಚಿಕನ್‌ಪಾಕ್ಸ್‌ನ ವೈರಸ್ಸು ನರದಲ್ಲಿ ಅಡಗಿದ್ದು, ವರ್ಷಗಳ ನಂತರ ಮತ್ತೆ ಎದ್ದು ಬರುವುದು ಅದು. ಡಾಕ್ಟರಿಗೆ ಬೇಗ ತೋರಿಸಬೇಕಾದ ಕಾಯಿಲೆ. ಇನ್ನು ಬೆಳಗ್ಗೆ ಏಳುವಾಗ ಕತ್ತಿನ ಮೇಲೋ ಕೆನ್ನೆ ಮೇಲೋ ಗೆರೆ ಎಳೆದ ಹಾಗೆ ಸುಟ್ಟ ಗಾಯ ಇದ್ದರೆ, ಮಳೆಗಾಲದಲ್ಲಿ ದೀಪಕ್ಕೆ ಬರುವ ಒಂದು ಪುಟ್ಟ ಕೀಟದ ಕೆಲಸ ಇರಬಹುದು. ಇರುವೆಯಂತೆ ಉದ್ದ ಮೈ, ಕಿತ್ತಳೆ ಮತ್ತು ಕಪ್ಪು ಪಟ್ಟಿ. ನಿದ್ದೆಯಲ್ಲಿ ಅದನ್ನು ಉಜ್ಜಿದರೆ ಅದರ ಮೈಯ ರಸ ತಾಗಿ ಬೊಬ್ಬೆ ಬರುತ್ತದೆ. ಎರಡಕ್ಕೂ ಬೈಸಿಕೊಳ್ಳುವುದು ಮಾತ್ರ ಪಾಪದ ಜೇಡ.

ಸಹಿ ಜೇಡಕ್ಕೆ ವಿಷ ಇದೆ, ಆದರೆ ಅದು ಮಿಡತೆಯ ಅಳತೆಗೆ ಇರುವ ವಿಷ. ಮನುಷ್ಯರಿಗೆ ಅಪಾಯ ಇಲ್ಲ. ಕೈಯಲ್ಲಿ ಹಿಡಿದು ಅಮುಕದ ಹೊರತು ಕಚ್ಚಲು ಬರುವುದಿಲ್ಲ. ನೀವು ಹತ್ತಿರ ಹೋದರೆ ಅದು ಮಾಡುವುದು ಮೂರೇ ಕೆಲಸ: ಬಲೆಯನ್ನು ಜೋರಾಗಿ ಅಲುಗಾಡಿಸುತ್ತದೆ, ಇಲ್ಲವೇ ಬಲೆಯ ಆಚೆ ಬದಿಗೆ ನುಸುಳುತ್ತದೆ, ಅದಕ್ಕೂ ಬಗ್ಗದಿದ್ದರೆ ಒಂದು ದಾರ ಹಿಡಿದು ಕೆಳಗೆ ಬೀಳುತ್ತದೆ.

ಬೇಕಾದ ಸಾಮಾನು

ಒಂದು ನೋಟ್‌ಬುಕ್, ಪೆನ್ಸಿಲ್, ಫೋನು. ಸಣ್ಣ ಟಾರ್ಚ್. ಒಂದು ಕಪ್ಪು ಛತ್ರಿ. ಛತ್ರಿ ಯಾಕೆ ಅಂದರೆ, ಬಲೆಯ ದಾರ ಬೆಳಕಿನಲ್ಲಿ ಕಾಣುವುದಿಲ್ಲ. ಬಲೆಯ ಹಿಂದೆ ಒಂದಡಿ ದೂರದಲ್ಲಿ ಕಪ್ಪು ಛತ್ರಿ ಬಿಚ್ಚಿ ಹಿಡಿದರೆ ಪ್ರತಿ ಎಳೆಯೂ ಎದ್ದು ಕಾಣುತ್ತದೆ. ಫೋಟೋನೂ ಚೆನ್ನಾಗಿ ಬರುತ್ತದೆ. ಬಲೆ ಕಾಣಲಿ ಅಂತ ಕೆಲವರು ಅದರ ಮೇಲೆ ಹಿಟ್ಟು ಉದುರಿಸುತ್ತಾರೆ, ನೀರು ಚಿಮುಕಿಸುತ್ತಾರೆ. ದಯವಿಟ್ಟು ಬೇಡ. ಅಂಟು ಹಾಳಾಗುತ್ತದೆ, ಆ ದಿನ ಜೇಡಕ್ಕೆ ಉಪವಾಸ. ಅಕ್ಟೋಬರ್, ನವೆಂಬರ್‌ನಲ್ಲಿ ಬೆಳಗ್ಗೆ ಆರೂವರೆಗೆ ಹೋದರೆ ಮಂಜೇ ಆ ಕೆಲಸ ಮಾಡಿರುತ್ತದೆ.

ಗಿಡಗಳಿಗೆ ಔಷಧಿ ಹೊಡೆಯುವ ಅಭ್ಯಾಸ ಇದ್ದರೆ ಆ ಮೂಲೆಯನ್ನಾದರೂ ಬಿಡಿ. ಔಷಧಿ ಜೇಡವನ್ನು ಕೊಲ್ಲುತ್ತದೆ. ಅದು ಉಳಿದುಕೊಂಡರೂ ತಿನ್ನಲು ಹುಳ ಇರುವುದಿಲ್ಲ.

ಗುರುತು ಹಿಡಿಯುವುದು

ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು. ಮೈ ಎರಡು ತುಂಡು. ಮುಂದಿನ ತುಂಡಿಗೆ ಕಾಲು, ಕಣ್ಣು, ಬಾಯಿ. ಹಿಂದಿನದು ಹೊಟ್ಟೆ. ಸಹಿ ಜೇಡದ ಮುಂದಿನ ತುಂಡಿನ ಮೇಲೆ ಬೆಳ್ಳಿ ಬಣ್ಣದ ನವಿರು ಕೂದಲು ಇರುತ್ತದೆ. ಹೊಟ್ಟೆ ಮೇಲಿನಿಂದ ನೋಡಿದರೆ ಹೆಚ್ಚುಕಡಿಮೆ ಐದು ಮೂಲೆಯದು. ಅದರ ಮೇಲೆ ಹಳದಿ, ಬಿಳಿ, ಕಂದು ಅಡ್ಡಪಟ್ಟಿ. ಹಳೆಯ ಇಳಕಲ್ ಸೀರೆಯ ಅಂಚು ನೆನಪಾಗುತ್ತದೆ ನನಗೆ.

ಬೆಳೆದ ಹೆಣ್ಣಿನ ಮೈ, ಕಾಲು ಬಿಟ್ಟು, ಸುಮಾರು 1 ಸೆಂಟಿಮೀಟರ್. ಗಂಡು ಅದರ ಅರ್ಧವೂ ಇಲ್ಲ, 4 ಮಿಲಿಮೀಟರ್ ಹತ್ತಿರ. ಕಂದು ಬಣ್ಣ, ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ. ಹಾಗಾಗಿ ನೀವು ಕಂಡು "ಆಹಾ" ಅನ್ನುವುದು ಯಾವಾಗಲೂ ಹೆಣ್ಣನ್ನೇ.

ಬಲೆ ಸಿಗದಿದ್ದರೆ ಎಲೆಗಳ ಮೇಲೆ ನೋಡಿ. ಆಗಲೇ ಹೇಳಿದ ಸುಣ್ಣದ ಹನಿಗಳು ಒಂದೇ ಜಾಗದಲ್ಲಿ ಐದಾರು ಬಿದ್ದಿದ್ದರೆ ತಲೆ ಎತ್ತಿ. ಮೇಲೆ ಯಾರೋ ಇದ್ದಾರೆ.

ಬಲೆಯನ್ನು ಓದುವುದು

ಮೊದಲ ವಾರ ಜೇಡದ ಮೇಲಿಂದ ಕಣ್ಣು ತೆಗೆದು ಬಲೆಯನ್ನು ನೋಡಿ. ನಮ್ಮಲ್ಲಿ ಜೇಡರು ಅಂದರೆ ನೇಕಾರರು ಎಂಬ ಅರ್ಥವೂ ಇದೆ. ಇದರ ಬಲೆ ನೋಡಿದರೆ ಆ ಹೆಸರು ಎಷ್ಟು ಸರಿ ಅನ್ನಿಸುತ್ತದೆ. ಇಲ್ಲೂ ಹಾಸು ಇದೆ, ಹೊಕ್ಕು ಇದೆ.

ನಡುವಿನಿಂದ ಸೈಕಲ್ ಕಡ್ಡಿಗಳ ಹಾಗೆ ಹೊರಗೆ ಹೋಗುವ ದಾರಗಳು ಹಾಸು. ಅವು ಅಂಟುವುದಿಲ್ಲ. ಸುತ್ತು ಸುತ್ತಾಗಿ ಹೋಗುವ ದಾರ ಹೊಕ್ಕು. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಅಂಟಿನ ಹನಿಗಳು, ಮಣಿ ಪೋಣಿಸಿದ ಹಾಗೆ. ಜೇಡ ತನ್ನ ಬಲೆಗೆ ತಾನೇ ಯಾಕೆ ಅಂಟಿಕೊಳ್ಳುವುದಿಲ್ಲ ಅಂತ ಮಕ್ಕಳು ಕೇಳುತ್ತಾರೆ. ಅದು ಓಡಾಡುವುದು ಹೆಚ್ಚಾಗಿ ಹಾಸಿನ ಮೇಲೆ. ಅಂಟು ದಾರ ಮುಟ್ಟಲೇಬೇಕಾದಾಗ ಕಾಲಿನ ತುದಿಯ ಸಣ್ಣ ಕೂದಲುಗಳಷ್ಟೇ ತಾಗುತ್ತವೆ.

ಬಲೆ ನೇಯುವುದನ್ನು ನೋಡಬೇಕು ಅಂದರೆ ಒಂದು ದಿನ ಬೇಗ ಏಳಬೇಕು. ಸಾಮಾನ್ಯವಾಗಿ ಬೆಳಕು ಹರಿಯುವ ಮುಂಚೆ ನೇಯುತ್ತದೆ. ಐದು ಗಂಟೆಗೆ ಹೋಗಿ. ಟಾರ್ಚನ್ನು ನೇರವಾಗಿ ಜೇಡದ ಮೇಲೆ ಬಿಡಬೇಡಿ, ಪಕ್ಕದ ಎಲೆಗೆ ಬಿಡಿ. ಹಳೆಯ ಬಲೆಯನ್ನು ಉಂಡೆ ಮಾಡಿ ತಿನ್ನುತ್ತಿರುವುದು ಕಾಣಬಹುದು. ದಾರ ಅಂದರೆ ಪ್ರೋಟೀನು. ಅದನ್ನು ಸುಮ್ನೆ ಬಿಸಾಡುವುದಿಲ್ಲ, ತಿಂದು ಮತ್ತೆ ದಾರ ಮಾಡುತ್ತದೆ. ಆಮೇಲೆ ಹೊಸ ಕಡ್ಡಿಗಳು. ಅವು ಮುಗಿದ ಮೇಲೆ ನಡುವಿನಿಂದ ಹೊರಗೆ ಅಗಲ ಅಗಲವಾಗಿ ಒಂದು ಸುತ್ತು ದಾರ ಎಳೆಯುತ್ತದೆ. ಇದು ಅಂಟಿಲ್ಲದ್ದು. ಮನೆ ಕಟ್ಟುವಾಗ ಸಾರುವೆ ಕಟ್ಟುತ್ತಾರಲ್ಲ, ಹಾಗೆ. ಹೊರ ಅಂಚು ಮುಟ್ಟಿ ಅಲ್ಲಿಂದ ತಿರುಗಿ ಒಳಕ್ಕೆ ಬರುತ್ತಾ ಅಂಟಿನ ದಾರವನ್ನು ಒತ್ತೊತ್ತಾಗಿ ಹಾಕುತ್ತದೆ. ಬರುತ್ತಾ ಬರುತ್ತಾ ಸಾರುವೆಯನ್ನು ಕತ್ತರಿಸಿಕೊಂಡೇ ಬರುತ್ತದೆ. ಹಿಂಗಾಲಲ್ಲಿ ದಾರ ಎಳೆದು, ಕಡ್ಡಿಗೆ ಹೊಟ್ಟೆಯ ತುದಿ ಒತ್ತಿ, ಮುಂದಿನ ಕಡ್ಡಿಗೆ ಕಾಲು. ಎಳೆ, ಒತ್ತು, ಕಾಲು. ಅದೇ ಲಯದಲ್ಲಿ ಒಂದು ಗಂಟೆಯೊಳಗೆ ಊಟದ ತಟ್ಟೆಗಿಂತ ದೊಡ್ಡ ಬಲೆ ಮುಗಿಯುತ್ತದೆ. ಕಣ್ಣು ಎಂಟಿದ್ದರೂ ದೃಷ್ಟಿ ಮಂದ. ಇಷ್ಟೂ ಕೆಲಸ ಕಾಲಿನ ಸ್ಪರ್ಶದಲ್ಲೇ ನಡೆಯುತ್ತದೆ.

ಎಲ್ಲ ಮುಗಿದ ಮೇಲೆ ಕೊನೆಗೆ ಸಹಿ. ನೋಟ್‌ಬುಕ್‌ನಲ್ಲಿ ದಿನವೂ ಇದರ ಚಿತ್ರ ಬರೆದುಕೊಳ್ಳಿ. ಒಂದು ದಿನ ನಾಲ್ಕು ತೋಳು, ಒಂದು ದಿನ ಎರಡು, ಒಂದು ದಿನ ಏನೂ ಇಲ್ಲ. ಮರಿಯಾಗಿದ್ದಾಗ ಹಲವು ಸಲ ದುಂಡನೆಯ ಬಿಳಿ ಚಾಪೆಯಂತೆ ನೇಯುತ್ತದೆ, ಬೆಳೆದ ಹಾಗೆ ಗುಣಾಕಾರದ ಗುರುತು ಬರುತ್ತದೆ. ಪಕ್ಕದಲ್ಲೇ ಹಿಂದಿನ ದಿನ ಏನು ತಿಂದಿತ್ತು ಅಂತಲೂ ಬರೆಯಿರಿ. ಹೊಟ್ಟೆ ತುಂಬಿದ ಜೇಡ ಜಾಸ್ತಿ ಸಹಿ ಹಾಕುತ್ತದೆ ಎಂದು ಹಲವು ಪ್ರಯೋಗಗಳಲ್ಲಿ ಕಂಡಿದೆ. ನಿಮ್ಮ ಜೇಡದಲ್ಲೂ ಹಾಗೇ ಇದೆಯಾ ಅಂತ ಒಂದು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ.

ಈ ಸಹಿ ಯಾಕೆ ಎಂಬುದರ ಮೇಲೆ ವಿಜ್ಞಾನಿಗಳು ಇನ್ನೂ ಜಗಳ ಮುಗಿಸಿಲ್ಲ. ಒಂದು ವಾದ, ಹಕ್ಕಿಗಳಿಗೆ ಎಚ್ಚರಿಕೆ ಅಂತ. 1983ರಲ್ಲಿ ಅಮೆರಿಕದ ಐಸ್ನರ್ ಮತ್ತು ನೊವಿಕಿ ಎಂಬ ಇಬ್ಬರು ಸಹಿ ಇಲ್ಲದ ಬಲೆಗಳಿಗೆ ತಾವೇ ಬಿಳಿ ಗುರುತು ಹಾಕಿ ನೋಡಿದರು. ಗುರುತು ಇರುವ ಬಲೆಗಳು ಬೆಳಗಿನ ಹೊತ್ತು ಹಕ್ಕಿಗಳ ಓಡಾಟದಲ್ಲಿ ಹರಿಯದೆ ಜಾಸ್ತಿ ಉಳಿದವು. ಇನ್ನೊಂದು ವಾದ, ಸಹಿಯ ದಾರ ನಮಗೆ ಕಾಣದ ನೇರಳಾತೀತ ಬೆಳಕನ್ನು ಹೊಳೆಯಿಸುತ್ತದೆ, ಅದನ್ನು ನೋಡಿ ಹುಳಗಳು ಬರುತ್ತವೆ ಅಂತ. ನನಗೆ ಎರಡೂ ಕೆಲಸ ಆಗುತ್ತದೆ ಅನ್ನಿಸುತ್ತದೆ. ಒಂದಂತೂ ಖಚಿತ. ಸಹಿ ಹಾಕುವ ದಾರ ಮತ್ತು ಬೇಟೆಯನ್ನು ಸುತ್ತುವ ದಾರ ಬರುವುದು ಒಂದೇ ಗ್ರಂಥಿಯಿಂದ.

ಒಂದು ಸಣ್ಣ ಲೆಕ್ಕ ಮಾಡಿ. ಜೇಡ ಕೂತ ಜಾಗದಿಂದ ಮೇಲಕ್ಕೆ ಎಷ್ಟು ಸುತ್ತು ದಾರ, ಕೆಳಕ್ಕೆ ಎಷ್ಟು? ಕೆಳಗೇ ಜಾಸ್ತಿ ಬರುತ್ತದೆ. ತಲೆ ಕೆಳಗಾಗಿ ಕೂತವರಿಗೆ ಕೆಳಗೆ ಓಡುವುದು ಬೇಗ, ಮೇಲೆ ಹತ್ತುವುದು ನಿಧಾನ. ಅದಕ್ಕೇ ಕೆಳಗಿನ ಅರ್ಧ ದೊಡ್ಡದು.

ಊಟದ ಹೊತ್ತು

ಬೇಟೆ ನೋಡಲು ಬೆಳಗ್ಗೆ ಒಂಬತ್ತರಿಂದ ಹನ್ನೊಂದು ನನಗೆ ಒಳ್ಳೆಯ ಹೊತ್ತು ಅನ್ನಿಸಿದೆ. ಒಂದು ಮೋಡಾ ಹಾಕಿಕೊಂಡು ಎರಡಡಿ ದೂರದಲ್ಲಿ ಕೂರಿ. ನಿಮ್ಮ ನೆರಳು ಬಲೆ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ಕಳೆದ ಸೆಪ್ಟೆಂಬರಿನಲ್ಲಿ ನೋಡಿದ್ದು ಹೇಳುತ್ತೇನೆ. ಒಂದು ಹಸಿರು ಮಿಡತೆ ಹಾರಿ ಬಂದು ಬಲೆಯ ಕೆಳಗಿನ ಮೂಲೆಗೆ ಬಿತ್ತು. ಜೇಡ ತಕ್ಷಣ ಓಡಲಿಲ್ಲ. ಮುಂಗಾಲಿನಿಂದ ಎರಡು ಮೂರು ದಾರಗಳನ್ನು ಮೀಟಿತು, ತಂಬೂರಿ ಶ್ರುತಿ ನೋಡುವವರ ಹಾಗೆ. ಯಾವ ದಾರದಲ್ಲಿ ಭಾರ ಇದೆ ಎಂದು ತಿಳಿಯಿತು. ಆಮೇಲೆ ಒಂದೇ ಓಟ. ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಿತು. ಹೊಟ್ಟೆಯ ತುದಿಯಿಂದ ದಾರ ಒಂದೆಳೆಯಾಗಿ ಬರಲಿಲ್ಲ, ಅಗಲ ಪಟ್ಟಿಯಾಗಿ ಬಂತು. ಹಿಂಗಾಲು ಎರಡರಿಂದ ಅದನ್ನು ಒಂದಾದ ಮೇಲೊಂದು ಎಸೆಯುತ್ತಾ ಹೋಯಿತು. ಮಿಡತೆ ಹಿಂಗಾಲು ಜಾಡಿಸುತ್ತಿತ್ತು, ಬಲೆಯೆಲ್ಲ ನಡುಗುತ್ತಿತ್ತು. ಹತ್ತಿಪ್ಪತ್ತು ಎಣಿಸುವಷ್ಟರಲ್ಲಿ ಅದು ಬಿಳಿ ಬಟ್ಟೆ ಸುತ್ತಿದ ಕಟ್ಟಾಗಿತ್ತು. ಆಗ ತಿರುಗಿ ಕಚ್ಚಿತು. ಮೊದಲು ಸುತ್ತುವುದು, ಆಮೇಲೆ ಕಚ್ಚುವುದು. ಒದೆಯುವ ಬೇಟೆಗೆ ಇದೇ ಕ್ರಮ.

ಚಿಟ್ಟೆ, ಪತಂಗ ಬಿದ್ದರೆ ಕ್ರಮ ತಿರುವುಮುರುವು. ಅವುಗಳ ರೆಕ್ಕೆಯ ಪುಡಿ ಉದುರಿ ಅಂಟಿನಿಂದ ಬಿಡಿಸಿಕೊಂಡು ಹೋಗುವ ಸಾಧ್ಯತೆ ಇರುತ್ತದೆ. ಸುತ್ತಲು ಹೊತ್ತಿಲ್ಲ. ಅದಕ್ಕೇ ಓಡಿ ಹೋಗಿ ಮೊದಲು ಕಚ್ಚುತ್ತದೆ, ಆಮೇಲೆ ನಿಧಾನಕ್ಕೆ ಸುತ್ತುತ್ತದೆ. ಇಷ್ಟು ಸಣ್ಣ ಜೀವ ಬಿದ್ದದ್ದು ಏನು ಅಂತ ತಿಳಿದು ಬೇರೆ ಬೇರೆ ರೀತಿ ನಡೆದುಕೊಳ್ಳುವುದನ್ನು ಕಣ್ಣಾರೆ ನೋಡಬೇಕು.

ಜೇಡ ಅಗಿದು ತಿನ್ನುವುದಿಲ್ಲ. ಬಾಯಿಂದ ರಸ ಬಿಟ್ಟು ಬೇಟೆಯನ್ನು ಕರಗಿಸಿ ಹೀರುತ್ತದೆ. ಹೀರಿ ಮುಗಿದ ಮೇಲೆ ಕಪ್ಪು ಉಂಡೆಯನ್ನು ಕೆಳಗೆ ಬೀಳಿಸುತ್ತದೆ. ಬಲೆಯ ಕೆಳಗೆ ಒಂದು ಹಳೆಯ ಬಿಳಿ ಕಾಗದ ಹಾಸಿ. ಸಂಜೆ ಬಿದ್ದ ಉಂಡೆಗಳನ್ನು ನೋಡಿದರೆ ರೆಕ್ಕೆಯ ತುಂಡು, ಕಾಲಿನ ತುಂಡು ಸಿಗುತ್ತವೆ. ಏನು ತಿಂತು ಅಂತ ನೋಟ್‌ಬುಕ್‌ನಲ್ಲಿ ಬರೆಯಲು ಇಷ್ಟು ಸಾಕು.

ಒಂದು ಮಾತು. ನೀವೇ ಹುಳ ಹಿಡಿದು ಬಲೆಗೆ ಹಾಕಬೇಡಿ. ನಾವು ನೋಡಲು ಬಂದವರು.

ಪೊರೆ ಕಳಚುವ ದಿನ

ಜೇಡದ ಚರ್ಮ ಹಿಗ್ಗುವುದಿಲ್ಲ. ಬೆಳೆಯಬೇಕಾದರೆ ಹಳೆಯದನ್ನು ಬಿಚ್ಚಲೇಬೇಕು. ಒಂದೆರಡು ದಿನ ಬಲೆ ಹೊಸದು ಮಾಡದೆ, ಬಿದ್ದ ಹುಳವನ್ನೂ ಮುಟ್ಟದೆ ಸುಮ್ಮನೆ ಕೂತಿದ್ದರೆ ಕಾಯಿಲೆ ಅಂದುಕೊಳ್ಳಬೇಡಿ. ಪೊರೆ ಬಿಡುವ ಹೊತ್ತು ಬಂದಿರಬಹುದು. ಈಗ ದಿನಕ್ಕೆ ಮೂರು ನಾಲ್ಕು ಸಲ ಹೋಗಿ ನೋಡಿ.

ನಾನು ಪೂರ್ತಿ ನೋಡಿದ್ದು ಒಂದೇ ಸಲ. ಬಲೆಯಿಂದ ಒಂದು ಗಿಡ್ಡ ದಾರದಲ್ಲಿ ತೂಗಾಡುತ್ತಿತ್ತು. ಮೊದಲು ಮುಂದಿನ ತುಂಡಿನ ಮೇಲ್ಭಾಗ ಡಬ್ಬಿಯ ಮುಚ್ಚಳದ ಹಾಗೆ ತೆರೆದುಕೊಂಡಿತು. ಆಮೇಲೆ ಹೊಟ್ಟೆಯ ಚರ್ಮ ಸುಕ್ಕಾಗಿ ಹಿಂದೆ ಸರಿಯಿತು. ಕೊನೆಗೆ ಕಾಲುಗಳು. ಎಂಟೂ ಕಾಲುಗಳನ್ನು ಒಟ್ಟಿಗೆ, ಬಿಗಿ ಕಾಲುಚೀಲದಿಂದ ಎಳೆದ ಹಾಗೆ ಸ್ವಲ್ಪ ಸ್ವಲ್ಪವೇ ಎಳೆಯಿತು. ಎಳೆಯುವುದು, ನಿಲ್ಲುವುದು, ಮತ್ತೆ ಎಳೆಯುವುದು. ಅರ್ಧ ಗಂಟೆ ಹತ್ತಿರ ಆಯಿತು. ಹೊರಗೆ ಬಂದಾಗ ಕಾಲುಗಳು ಮೆತ್ತಗೆ, ಪಾರದರ್ಶಕವಾಗಿದ್ದವು. ಅವನ್ನು ಮಡಚಿ ಬಿಡಿಸಿ ಮಾಡುತ್ತಾ ಒಣಗಿಸಿಕೊಂಡಿತು. ಪಕ್ಕದಲ್ಲಿ ಹಳೆಯ ಪೊರೆ, ಕಾಲಿನ ಉಗುರು ಸಮೇತ ಇನ್ನೊಂದು ಜೇಡದ ಹಾಗೆ ನೇತಾಡುತ್ತಿತ್ತು.

ಈ ಹೊತ್ತಿನಲ್ಲಿ ಜೇಡಕ್ಕೆ ಓಡಲೂ ಆಗದು, ಕಚ್ಚಲೂ ಆಗದು. ಗಿಡ ಮುಟ್ಟಬೇಡಿ, ಉಸಿರು ತಾಗುವಷ್ಟು ಹತ್ತಿರ ಹೋಗಬೇಡಿ. ಮುಗಿದು ಜೇಡ ನಡುವಿಗೆ ಹೋದ ಮೇಲೆ ಪೊರೆ ಬಿದ್ದರೆ ಎತ್ತಿಕೊಳ್ಳಿ. ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಭೂತಗನ್ನಡಿಯಲ್ಲಿ ಕೂದಲು, ಹಲ್ಲು ಎಲ್ಲ ಕಾಣುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ.

ಕಾಲು ಒಂದು ಮುರಿದು ಹೋದ ಎಳೆಯ ಜೇಡ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಮುಂದಿನ ಪೊರೆ ಬಿಟ್ಟಾಗ ಅಲ್ಲಿ ಸಣ್ಣದೊಂದು ಹೊಸ ಕಾಲು ಬರುವುದನ್ನು ನೋಡಬಹುದು. ಪೂರ್ತಿ ಬೆಳೆದ ಹೆಣ್ಣು ಮಾತ್ರ ಮತ್ತೆ ಪೊರೆ ಬಿಡುವುದಿಲ್ಲ. ಆಮೇಲೆ ಹೋದ ಕಾಲು ಹೋದ ಹಾಗೇ.

ಗಂಡು ಬಂದಾಗ

ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಲೆಯ ಅಂಚಿನಲ್ಲಿ ಕಡ್ಡಿಚೂರಿನಂತಹ ಒಂದು ಕಂದು ಜೇಡ ಕಂಡರೆ ಕಸ ಅಂದುಕೊಳ್ಳಬೇಡಿ. ಬಾಯಿಯ ಎರಡು ಪಕ್ಕದ ಕಿರುಕೈಗಳು ಮೊಗ್ಗಿನಂತೆ ಊದಿದ್ದರೆ ಅದು ಬೆಳೆದ ಗಂಡು. ಬೆಳೆದ ಮೇಲೆ ಅದು ಬೇಟೆಯ ಬಲೆ ಕಟ್ಟುವುದನ್ನೇ ಬಿಡುತ್ತದೆ. ಒಂದು ಪುಟ್ಟ ಬಲೆಯ ತುಂಡು ನೇಯ್ದು, ಅದರ ಮೇಲೆ ವೀರ್ಯದ ಹನಿ ಹಾಕಿ, ಕಿರುಕೈಗಳಿಗೆ ತುಂಬಿಕೊಂಡು ಹೆಣ್ಣನ್ನು ಹುಡುಕಿ ಹೊರಡುತ್ತದೆ.

ಹೆಣ್ಣಿನ ಬಲೆಗೆ ಬಂದರೂ ನೇರವಾಗಿ ಹತ್ತಿರ ಹೋಗುವುದಿಲ್ಲ. ಒಂದು ಎಳೆ ಕಟ್ಟಿ, ಅದನ್ನು ಮೀಟಿ, ನಿಂತು, ಮತ್ತೆ ಮೀಟುತ್ತದೆ. ಬೇಟೆ ಒದ್ದಾಡುವ ನಡುಕ ಬೇರೆ, ಈ ನಡುಕ ಬೇರೆ. ಹೆಣ್ಣು ಸುಮ್ಮನಿದ್ದರೆ ಇನ್ನೊಂದು ಹೆಜ್ಜೆ. ಎರಡು ಮೂರು ಗಂಡುಗಳು ಒಂದೇ ಬಲೆಯ ಅಂಚಿನಲ್ಲಿ ದಿನಗಟ್ಟಲೆ ಕಾಯುವುದೂ ಉಂಟು. ಆರ್ಜಿಯೋಪೆ ಕುಲದಲ್ಲಿ ಹೆಣ್ಣು ಗಂಡನ್ನು ಸುತ್ತಿ ತಿನ್ನುವುದು ಸಾಮಾನ್ಯ. ಕೆಲವು ಗಂಡುಗಳು ಹೆಣ್ಣು ಕೊನೆಯ ಪೊರೆ ಬಿಡುವುದನ್ನೇ ಕಾದು, ಅದು ಮೆತ್ತಗಿರುವಾಗ ಕೂಡುತ್ತವೆ. ಆಗ ಬದುಕುವ ಅವಕಾಶ ಜಾಸ್ತಿ. ಅಮೆರಿಕದಲ್ಲಿರುವ ಇದೇ ಕುಲದ ಇನ್ನೊಂದು ಜೇಡದಲ್ಲಿ ಗಂಡು ಎರಡನೆಯ ಕಿರುಕೈ ಬಳಸಿದ ಕೂಡಲೇ ತಾನೇ ಸಾಯುತ್ತದೆ, ಹೆಣ್ಣು ಮುಟ್ಟದಿದ್ದರೂ.

ಬೆಳಗ್ಗೆ ಇದ್ದ ಗಂಡು ಸಂಜೆ ಇಲ್ಲದಿದ್ದರೆ ಕೆಳಗಿನ ಕಾಗದದ ಮೇಲೆ ನೋಡಿ. ಸಣ್ಣ ಕಟ್ಟೊಂದು ಬಿದ್ದಿರಬಹುದು.

ಜೊತೆಗಿರುವವರು, ಹೊಂಚು ಹಾಕುವವರು

ಬಲೆಯಲ್ಲಿ ಬೆಳ್ಳಿ ಹನಿಯಂತೆ ಹೊಳೆಯುವ ತೀರಾ ಸಣ್ಣ ಜೇಡ ಕಂಡರೆ ಅದು ಮರಿಯಲ್ಲ. ಬೇರೆಯವರ ಬಲೆಯಲ್ಲಿ ಇದ್ದು ಸಣ್ಣ ಹುಳ ಕದ್ದು ತಿನ್ನುವ ಜಾತಿ. ಓಡಿಸಬೇಡಿ, ನೋಟ್‌ಬುಕ್‌ನಲ್ಲಿ ಅದಕ್ಕೂ ಒಂದು ಪುಟ ಕೊಡಿ.

ಸೂರಕ್ಕಿ ಬಂದು ಬಲೆಯ ದಾರ ಎಳೆದುಕೊಂಡು ಹೋಗುವುದೂ ಇದೆ. ಅದರ ತೂಗುಗೂಡು ಹಿಡಿದು ನಿಲ್ಲುವುದೇ ಜೇಡನ ದಾರದಿಂದ. ಓತಿಕ್ಯಾತ ಸಿಕ್ಕಿದರೆ ಜೇಡವನ್ನೇ ನುಂಗುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಕಣಜ. ನಮ್ಮ ಗೋಡೆ ಮೂಲೆಯಲ್ಲಿ, ಸ್ವಿಚ್ ಬೋರ್ಡಿನ ಪಕ್ಕ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳ ಇದೆಯಲ್ಲ, ಅದರಲ್ಲಿ ಹಲವು ಜಾತಿಗಳು ಎಳೆಯ ಜೇಡಗಳನ್ನು ಕುಟುಕಿ, ಸಾಯಿಸದೆ ನಿಶ್ಚಲ ಮಾಡಿ, ಗೂಡಿಗೆ ತುಂಬುತ್ತವೆ. ಒಳಗೆ ಇಟ್ಟ ಮೊಟ್ಟೆ ಒಡೆದಾಗ ಮರಿಗೆ ತಾಜಾ ಊಟ ಸಿದ್ಧ. ನಿಮ್ಮ ಜೇಡ ಒಂದು ದಿನ ಸುಳಿವಿಲ್ಲದೆ ಮಾಯವಾದರೆ, ಬಲೆ ಮಾತ್ರ ಸರಿಯಾಗಿ ಉಳಿದಿದ್ದರೆ, ಇದೂ ಕಾರಣ ಇರಬಹುದು. ಬೇಸರ ಆಗುತ್ತದೆ. ಅದನ್ನೂ ತಾರೀಖು ಹಾಕಿ ಬರೆದಿಡಿ. ಪಕ್ಕದ ಗಿಡದಲ್ಲಿ ಇನ್ನೊಂದು ಹುಡುಕಿ.

ಮೊಟ್ಟೆ ಚೀಲ, ಮರಿಗಳು

ಹೆಣ್ಣಿನ ಹೊಟ್ಟೆ ಉಬ್ಬಿ, ಪಟ್ಟಿಗಳು ಅಗಲವಾಗಿ, ನಡೆಯುವಾಗ ಭಾರ ಕಾಣುವಷ್ಟು ಆದಾಗ ಎಚ್ಚರ ಇರಲಿ. ಒಂದು ಬೆಳಗ್ಗೆ ಹೊಟ್ಟೆ ಚಪ್ಪಟೆಯಾಗಿ ಸುಕ್ಕುಗಟ್ಟಿರುತ್ತದೆ. ರಾತ್ರಿಯೇ ಮೊಟ್ಟೆ ಇಟ್ಟಾಯಿತು. ಆಗ ಸುತ್ತಲಿನ ಎಲೆಗಳ ಅಡಿ, ಕೊಂಬೆ ಸಂದಿ ಹುಡುಕಿ. ಎಳೆಗಳ ನಡುವೆ ತೂಗುಹಾಕಿದ ಚಪ್ಪಟೆ ದಿಂಬಿನಂತಹ ಒಂದು ಚೀಲ ಸಿಗುತ್ತದೆ. ಸುತ್ತಲಿನ ಎಲೆಯಲ್ಲಿ ಮರೆಯಾಗುವ ಮಂಕು ಬಣ್ಣ. ಹೊರಗೆ ಕಾಗದದಷ್ಟು ಬಿಗಿ ನೇಯ್ಗೆ, ಒಳಗೆ ಹಾಸಿಗೆಯಂತೆ ಮೆತ್ತನೆ ನೂಲು, ಅದರ ನಡುವೆ ನೂರಾರು ಮೊಟ್ಟೆ. ಒಂದೇ ಹೆಣ್ಣು ದಿನಗಳ ಅಂತರದಲ್ಲಿ ಎರಡು ಮೂರು ಚೀಲ ಮಾಡುವುದೂ ಇದೆ.

ಚೀಲ ಇರುವ ಕೊಂಬೆಗೆ ಇನ್ನೊಂದು ಕೆಂಪು ಬಟ್ಟೆ ಕಟ್ಟಿ. ಈ ಸಮಯದಲ್ಲೇ ಜನ ಗಿಡ ಕತ್ತರಿಸುತ್ತಾರೆ, ಒಣ ಎಲೆ ಎಲ್ಲ ಸುಡುತ್ತಾರೆ. ಆ ಮೂಲೆಯನ್ನು ಎರಡು ತಿಂಗಳು ಹಾಗೇ ಬಿಡಿ. ಬೇರೆ ಏನೂ ಮಾಡದಿದ್ದರೂ ಇಷ್ಟು ಮಾಡಿ.

ತಾಯಿ ಹೆಚ್ಚು ದಿನ ಇರುವುದಿಲ್ಲ. ಬಲೆ ಚಿಕ್ಕದಾಗುತ್ತಾ, ಓರೆಯಾಗುತ್ತಾ ಬರುತ್ತದೆ. ಸಹಿ ನಿಲ್ಲುತ್ತದೆ. ಒಂದು ದಿನ ಬಲೆ ಖಾಲಿ, ಬುಡದಲ್ಲಿ ಕಾಲು ಮುದುಡಿದ ಜೇಡ. ಸತ್ತ ಜೇಡಗಳ ಕಾಲು ಯಾವಾಗಲೂ ಮುದುಡಿರುವುದನ್ನು ನೋಡಿರಬಹುದು. ಕಾಲನ್ನು ನೀಡಲು ಅವು ಬಳಸುವುದು ಒಳಗಿನ ದ್ರವದ ಒತ್ತಡ. ಆ ಒತ್ತಡ ನಿಂತರೆ ಮಡಚುವ ಸ್ನಾಯುಗಳು ಮಾತ್ರ ಉಳಿಯುತ್ತವೆ.

ಮೊಟ್ಟೆಗಳು ಒಡೆಯಲು ಹವೆ ನೋಡಿಕೊಂಡು ಕೆಲವು ವಾರ ಬೇಕು. ಮರಿಗಳು ಒಡೆದ ಕೂಡಲೇ ಹೊರಗೆ ಬರುವುದಿಲ್ಲ. ಮೊದಲ ಪೊರೆಯನ್ನು ಚೀಲದೊಳಗೇ ಬಿಡುತ್ತವೆ. ಆಮೇಲೆ ಒಂದು ತೂತು ಮಾಡಿ ಒಂದೊಂದಾಗಿ ಬರುತ್ತವೆ, ಸಾಸಿವೆಗಿಂತ ಸಣ್ಣವು. ಒಂದೆರಡು ದಿನ ಗುಂಪಾಗಿ ನೇತಾಡುತ್ತವೆ. ಮೆಲ್ಲಗೆ ಊದಿದರೆ ಸಿಡಿದು ಚೆದರಿ, ಸ್ವಲ್ಪ ಹೊತ್ತಿಗೆ ಮತ್ತೆ ಕೂಡಿಕೊಳ್ಳುತ್ತವೆ.

ಬಿಸಿಲು ಬಂದು ಗಾಳಿ ಹಗುರವಾಗಿರುವ ಬೆಳಗ್ಗೆ ಒಂದರ ಮೇಲೆ ಕಣ್ಣಿಡಿ. ಎಲೆಯ ತುದಿಗೆ ಹತ್ತುತ್ತದೆ. ಎಂಟೂ ಕಾಲಿನ ತುದಿಬೆರಳಲ್ಲಿ ನಿಂತ ಹಾಗೆ ಮೈ ಎತ್ತುತ್ತದೆ. ಹೊಟ್ಟೆ ಆಕಾಶಕ್ಕೆ ಮಾಡುತ್ತದೆ. ದಾರ ಹೊರಟದ್ದು ಕಾಣುವುದಿಲ್ಲ, ಮರಿ ಮಾತ್ರ ಇದ್ದಕ್ಕಿದ್ದ ಹಾಗೆ ಇರುವುದಿಲ್ಲ. 1832ರಲ್ಲಿ ಡಾರ್ವಿನ್ ಇದ್ದ ಹಡಗು ದಕ್ಷಿಣ ಅಮೆರಿಕದ ದಡದಿಂದ 60 ಮೈಲಿ ದೂರ ಇದ್ದಾಗ ಅದರ ಹಗ್ಗಗಳ ಮೇಲೆ ಹೀಗೇ ಹಾರಿ ಬಂದ ಸಾವಿರಾರು ಪುಟ್ಟ ಜೇಡಗಳು ಇಳಿದಿದ್ದವು. ಗಾಳಿಯೊಂದೇ ಅಲ್ಲ, ವಾತಾವರಣದಲ್ಲಿರುವ ವಿದ್ಯುತ್ತೂ ಅವನ್ನು ಎತ್ತಬಲ್ಲದು ಎಂದು 2018ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಮಾರ್ಲಿ ಮತ್ತು ರಾಬರ್ಟ್ ತೋರಿಸಿದರು. ಗಾಳಿಯೇ ಇಲ್ಲದ ಪೆಟ್ಟಿಗೆಯಲ್ಲಿ ವಿದ್ಯುತ್ ಕ್ಷೇತ್ರ ಹುಟ್ಟಿಸಿದಾಗ ಜೇಡಗಳು ತುದಿಗಾಲಲ್ಲಿ ನಿಂತು, ದಾರ ಬಿಟ್ಟು, ಮೇಲೆದ್ದವು.

ಎಲ್ಲ ಮರಿಗಳು ಹೋಗಿ ಒಂದು ವಾರ ಕಳೆದ ಮೇಲೆ ಖಾಲಿ ಚೀಲವನ್ನು ಎಲೆ ಸಮೇತ ಕಿತ್ತು ತನ್ನಿ. ಬಿಳಿ ಕಾಗದದ ಮೇಲಿಟ್ಟು ಸೂಜಿಯಲ್ಲಿ ಅಂಚು ಬಿಡಿಸಿ. ನೂಲಿನ ಹಾಸಿಗೆಯೊಳಗೆ ಹೊಟ್ಟಿನಂತೆ ಉದುರುವ ಸಣ್ಣ ಸಣ್ಣ ಪೊರೆಗಳು ಇದ್ದರೆ ಅಷ್ಟು ಮರಿಗಳು ಹೊರಟಿವೆ ಎಂದು ಲೆಕ್ಕ ಹಾಕಬಹುದು. ಬದಲಿಗೆ ಒತ್ತಾಗಿ ಜೋಡಿಸಿದ ಉದ್ದನೆಯ ಸಣ್ಣ ಗೂಡುಗಳು ಇದ್ದರೆ, ಮೊಟ್ಟೆಗಳನ್ನು ತಿಂದು ಬೆಳೆದ ಪರಾವಲಂಬಿ ಕಣಜಗಳು ಅಲ್ಲಿಂದ ಹೊರಟಿವೆ. ಎರಡೂ ಒಂದೇ ಚೀಲದಲ್ಲಿ ಸಿಗುವುದೂ ಉಂಟು. ಎಣಿಸಿ, ತಾರೀಖು ಹಾಕಿ, ನೋಟ್‌ಬುಕ್‌ನಲ್ಲಿ ಬರೆಯಿರಿ. ಮುಂದಿನ ಆಗಸ್ಟಿನಲ್ಲಿ ಅದೇ ಪುಟದಿಂದ ಶುರು ಮಾಡಬಹುದು.